ನಲವತ್ತೊಂಬತ್ತರ ಹಟ

"ಚೀಟಿ ಇಲ್ಲದೆ ಕೊಡಲ್ಲ. ಮೊದಲು ಆಚೆ ನಡೀರಿ."

ಎದುರಿಗೆ ನಿಂತವನು ಇನ್ನೂ ಬಾಯಿ ತೆರೆದಿರಲಿಲ್ಲ. ಹುಬ್ಬಿನ ಮೇಲೆ ಮರದ ಹುಡಿ, ಕಿವಿಯ ಹಿಂದೆ ಮೋಟು ಪೆನ್ಸಿಲ್, ಐವತ್ತು ದಾಟಿದ ಮುಖ. ಕೌಂಟರಿನ ಗಾಜಿನ ಮೇಲೆ ಅವನು ಇಟ್ಟದ್ದು ಒಂದೇ ಒಂದು ಡಬ್ಬಿ. ಅದನ್ನು ನೋಡಿದ್ದೇ ಡಾಕ್ಟರ್ ಇನ್ಶಿರಾಗೆ ಮೈ ಉರಿದುಹೋಗಿತ್ತು. ಬೆನ್ನುನೋವಿಗೆಂದು ಶುರುಮಾಡಿ, ಆಮೇಲೆ ಬಿಡಲಾಗದೆ, ಖಾಲಿ ಡಬ್ಬಿ ತೋರಿಸಿ "ಇಂಥದ್ದೇ ಕೊಡಿ" ಅಂತ ಹಲ್ಲು ಗಿಂಜುವವರು ಅವಳ ಔಷಧಿ ಅಂಗಡಿಗೆ ವಾರಕ್ಕೆ ಇಬ್ಬರಾದರೂ ಬರುತ್ತಿದ್ದರು.

"ನಾನು ಕೊಳ್ಳೋಕೆ ಬಂದಿಲ್ಲಮ್ಮ," ಅಂದ ಅವನು. "ಕೊಡೋಕೆ ಬಂದಿದೀನಿ."

"ಏನಂದ್ರಿ?"

"ಹೋದ ತಿಂಗಳು ನಮ್ಮಕ್ಕ ತೀರಿಕೊಂಡಳು. ಕ್ಯಾನ್ಸರ್. ಇದು ಅವಳ ಔಷಧಿ, ಎರಡು ಸ್ಟ್ರಿಪ್ ಉಳಿದಿದೆ. ನನ್ನ ಮನೇಲಿ ಇದು ಇರಬಾರದು. ನೈಲ್‌ಗೆ ಎಸೆಯೋಣ ಅಂದ್ರೆ, ಪಾಪ, ಮೀನುಗಳಿಗೆ ಈಗಿರೋ ತಾಪತ್ರಯಾನೇ ಸಾಕು."

ಇನ್ಶಿರಾಗೆ ನಾಚಿಕೆಯಾಯಿತು. ತಪ್ಪಾಗಿ ಬೈದಾಗಲೆಲ್ಲ ಅವಳ ಕಿವಿ ಕೆಂಪಾಗುತ್ತಿತ್ತು, ಈಗಲೂ ಆಯಿತು. "ಸರಿ, ಬಿಟ್ಟುಹೋಗಿ. ನಾಶ ಮಾಡ್ತೀನಿ," ಅಂದಳು. ಡಬ್ಬಿ ಎತ್ತಿಕೊಂಡಳು.

ಅವನು ಹೊರಡಲಿಲ್ಲ. ಅವಳನ್ನೇ ನೋಡುತ್ತಿದ್ದ. ಹೆಂಗಸರನ್ನು ಗಂಡಸರು ನೋಡುವ ನೋಟವಲ್ಲ ಅದು. ಹಲಗೆ ಎಲ್ಲಿ ಸೀಳಿದೆ ಎಂದು ಹುಡುಕುವ ನೋಟ.

"ಇನ್ನೇನು?"

"ಕಸದ ಬುಟ್ಟಿ ಅಲ್ಲಿದೆ ಡಾಕ್ಟರಮ್ಮ," ಅಂದ ಮೆಲ್ಲಗೆ. "ಡಬ್ಬಿ ನಿಮ್ಮ ಕೋಟಿನ ಜೇಬಿಗೆ ಹೋಯ್ತು."

ಅವನ ದನಿಯಲ್ಲಿ ಕೊಂಕಿದ್ದರೆ ಅವಳು ಸುಲಭವಾಗಿ ಜಗಳ ತೆಗೆಯಬಹುದಿತ್ತು. ಕೊಂಕಿರಲಿಲ್ಲ. ಬಿಳಿ ಕೋಟಿನ ಜೇಬಿನಲ್ಲಿದ್ದ ಕೈಯನ್ನು ಆಚೆ ತೆಗೆಯಲೂ ಆಗದೆ, ಅಲ್ಲೇ ಇಡಲೂ ಆಗದೆ ಅವಳು ನಿಂತುಬಿಟ್ಟಳು.

"ಆಚೆ ನಡೀರಿ," ಅಂದಳು ಮತ್ತೆ.

ಅವನು ಬಾಗಿಲವರೆಗೆ ಹೋಗಿ ತಿರುಗಿದ. "ನನ್ನ ಹೆಸರು ಬದೀರ್. ಕೆತ್ತನೆ ಕೆಲಸ. ಬಡಗಿ ಓಣಿಯ ಕೊನೇ ಅಂಗಡಿ, ನೀಲಿ ಬಾಗಿಲು. ಹನ್ನೊಂದು ವರ್ಷ ನನ್ನ ಜೇಬೂ ಹೀಗೇ ಇತ್ತು."

ಆ ಮಧ್ಯಾಹ್ನ ಇನ್ಶಿರಾ ಅದೇ ಡಬ್ಬಿಯಿಂದ ಎರಡು ಮಾತ್ರೆ ನುಂಗಿದಳು. ಸತ್ತ ಹೆಂಗಸೊಬ್ಬಳಿಗೆ ಬರೆದುಕೊಟ್ಟಿದ್ದ ಮಾತ್ರೆ. ನೀರು ಕುಡಿಯುವಾಗ ಅದು ನೆನಪಾಯಿತು. ಆದರೂ ನುಂಗಿದಳು.

*

ನೈಲ್ ದಂಡೆಯ ದುಮ್ಯಾತ್ ಊರಿನ ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಔಷಧಿ ಅಂಗಡಿಯವಳಾದರೂ ಎಲ್ಲರಿಗೂ ಡಾಕ್ಟರಮ್ಮ. ಮಗುವಿಗೆ ಜ್ವರ ಬಂದರೆ, ಅತ್ತೆಗೆ ಸಕ್ಕರೆ ಏರಿದರೆ, ಹೊಸ ಸೊಸೆ ಗುಟ್ಟಾಗಿ ಏನೋ ಕೇಳಬೇಕಾದರೆ, ಎಲ್ಲದಕ್ಕೂ ಅವಳೇ. ಇಪ್ಪತ್ತು ವರ್ಷದಿಂದ ಊರಿನ ನೋವೆಲ್ಲ ಆ ಗಾಜಿನ ಮೇಲೆ ಬಂದು ಬೀಳುತ್ತಿತ್ತು. ಅವಳ ನೋವಿಗೆ ಮಾತ್ರ ಕೌಂಟರ್ ಇರಲಿಲ್ಲ.

ಗಂಡ ಕುವೈತಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ, ಆರು ವರ್ಷದ ಹಿಂದೆ ತಲಾಕಿನ ಕಾಗದ ಕಳಿಸಿದ್ದ. ಮಗಳು ರಿಹಾಬ್ ಕೈರೋದಲ್ಲಿ ದಂತವೈದ್ಯ ಓದುತ್ತಿದ್ದಳು. ಅಂಗಡಿಯ ಮೇಲಿನ ನಾಲ್ಕು ಕೋಣೆಯ ಮನೆಯಲ್ಲಿ ಇನ್ಶಿರಾ ಒಬ್ಬಳೇ. ನಲವತ್ತಾರನೇ ವಯಸ್ಸಿನಲ್ಲಿ ಮೈಮೇಲೆ ಸರ್ಪಸುತ್ತು ಎದ್ದಿತು. ಆ ಉರಿಗೆಂದು ಮೊದಲ ಮಾತ್ರೆ ತೆಗೆದುಕೊಂಡಳು. ಉರಿ ಮೂರು ವಾರದಲ್ಲಿ ಹೋಯಿತು. ಮಾತ್ರೆ ಉಳಿಯಿತು.

ಯಾಕೆಂದರೆ ಅದು ಇನ್ನೊಂದು ಕೆಲಸ ಮಾಡುತ್ತಿತ್ತು. ಮುಟ್ಟು ನಿಂತ ವರ್ಷ ಅದು. ಕನ್ನಡಿಯಲ್ಲಿ ಅಮ್ಮನ ಗಲ್ಲ ಕಾಣಿಸತೊಡಗಿದ ವರ್ಷ. ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡರೆ, ಇಲ್ಲೇ ಬಿದ್ದು ಸತ್ತರೆ ಅಂಗಡಿ ಯಾಕೆ ತೆಗೆದಿಲ್ಲ ಎಂದು ಗಿರಾಕಿಗಳು ಬೈದುಕೊಂಡು ಹೋಗುತ್ತಾರೆ, ಅಷ್ಟೇ, ಅನ್ನಿಸುತ್ತಿತ್ತು. ಮಾತ್ರೆ ನುಂಗಿದ ಅರ್ಧ ಗಂಟೆಗೆ ಆ ಭಯಕ್ಕೆ ಯಾರೋ ಬೆಚ್ಚಗೆ ಹೊದಿಸಿದ ಹಾಗಾಗುತ್ತಿತ್ತು. ಮೊದಲು ಒಂದು, ಆಮೇಲೆ ಎರಡು, ಈಗ ದಿನಕ್ಕೆ ಆರು.

ಬದೀರ್ ಬಂದುಹೋದ ಹನ್ನೆರಡನೇ ದಿನ ಅದು ನಡೆಯಿತು.

ಬೆಳಿಗ್ಗೆ ಹತ್ತು ಗಂಟೆಗೆ ಹಿಂದಿನ ಬೀದಿಯ ಸಮಾಹ್ ಬಂದಳು, ಏಳು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು. ಜ್ವರದ ಹನಿ ಕೇಳಿದಳು. ಇನ್ಶಿರಾ ನಗುತ್ತ ಮಾತಾಡುತ್ತ ಬಾಟಲಿ ಕೊಟ್ಟು ಕಳಿಸಿದಳು. ಅರ್ಧ ಗಂಟೆ ಬಿಟ್ಟು ಕಪಾಟು ಸರಿಮಾಡುವಾಗ ಕೈ ನಿಂತಿತು. ಕೂಸಿನ ಹನಿಯ ಬಾಟಲಿ ಅಲ್ಲೇ ಇತ್ತು. ಪಕ್ಕದಲ್ಲಿ ಇರಬೇಕಾಗಿದ್ದ ದೊಡ್ಡವರ ನಿದ್ದೆಯ ಹನಿ ಇರಲಿಲ್ಲ.

ಸರಿಯಾದ ಬಾಟಲಿ ಹಿಡಿದು, ಅಂಗಡಿ ತೆರೆದೇ ಬಿಟ್ಟು ಓಡಿದಳು. ಒಂದು ಚಪ್ಪಲಿ ಬೇಯಿಸಿದ ಕಾಳು ಮಾರುವ ಗಾಡಿಯ ಹತ್ತಿರ ಕಳಚಿಬಿತ್ತು. ಇನ್ನೊಂದನ್ನು ಅವಳೇ ಒದ್ದು ಎಸೆದಳು. ಮೂರು ಮಹಡಿ ಹತ್ತಿ ಬಾಗಿಲು ಬಡಿದಾಗ ಸಮಾಹ್ ಬೆರಳು ತುಟಿಗಿಟ್ಟು, "ಶ್, ಮಲಗಿದಾನೆ" ಅಂದಳು.

"ಹನಿ ಹಾಕಿದ್ಯಾ?"

"ಇನ್ನೂ ಇಲ್ಲ. ಎದ್ದ ಮೇಲೆ ಹಾಕೋಣ ಅಂತ. ಯಾಕೆ ಡಾಕ್ಟರಮ್ಮ, ಬರಿಗಾಲಲ್ಲಿ ಬಂದಿದೀರಿ?"

ಸರಿಯಾದ ಬಾಟಲಿ ಅವಳ ಕೈಗಿಟ್ಟು, ತಪ್ಪಿದ್ದನ್ನು ಕಸಿದುಕೊಂಡು, ಇನ್ಶಿರಾ ಆ ಮೆಟ್ಟಿಲ ಮೇಲೇ ಕುಸಿದು ಕೂತಳು. ಮಗು ಒಳಗೆ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಆ ಸದ್ದು ಕೇಳುತ್ತ ಎಷ್ಟು ಹೊತ್ತು ಕೂತಿದ್ದಳೋ. ಎದ್ದಾಗ ಕಾಲುಗಳು ಅಂಗಡಿಯ ಕಡೆ ಹೋಗಲಿಲ್ಲ. ಬಡಗಿ ಓಣಿಯ ಕಡೆ ಹೋದವು.

*

ಓಣಿಯ ತುಂಬ ಗರಗಸದ ಸದ್ದು, ವಾರ್ನಿಷಿನ ವಾಸನೆ. ಬರಿಗಾಲಲ್ಲಿ, ಬಿಳಿ ಕೋಟಿನಲ್ಲಿ ಡಾಕ್ಟರಮ್ಮ ನಡೆದುಬರುವುದನ್ನು ಕಂಡು ಒಂದೊಂದೇ ಗರಗಸ ನಿಂತಿತು. ನೋಡಿಕೊಳ್ಳಲಿ ಅಂದುಕೊಂಡಳು. ಇವತ್ತು ಅವಳು ಹೆದರುತ್ತಿದ್ದ ಸಂಗತಿ ಬೇರೆಯೇ ಇತ್ತು.

ನೀಲಿ ಬಾಗಿಲ ಒಳಗೆ ಬದೀರ್ ಕುರ್ಚಿಯ ಬೆನ್ನಿಗೆ ಸಿಂಹ ಕೆತ್ತುತ್ತಿದ್ದ. ತಲೆ ಎತ್ತಿದ. ಅವಳ ಪಾದ ನೋಡಿದ. ಏನೂ ಕೇಳದೆ ಒಂದು ಸ್ಟೂಲ್ ಎಳೆದು, ತನ್ನ ಹೆಗಲ ಬಟ್ಟೆಯಿಂದ ಒರೆಸಿ, ಮುಂದಿಟ್ಟ.

"ನನಗೆ ಭಯ ಆಗ್ತಿದೆ," ಅಂದಳು ಇನ್ಶಿರಾ.

"ಆಗ್ಲಿ. ಕೂತ್ಕೊಳ್ಳಿ. ಚಹಾಕ್ಕೆ ಸಕ್ಕರೆ ಎಷ್ಟು?"

"ಒಂದು ಮಗೂನ ಕೊಂದುಬಿಡ್ತಿದ್ದೆ ಇವತ್ತು! ನೀವು ಸಕ್ಕರೆ ಕೇಳ್ತಿದೀರಿ!"

"ಕೊಂದ್ರಾ?"

"ಇಲ್ಲ."

"ಹಾಗಾದ್ರೆ ಮೂರು ಚಮಚ ಹಾಕ್ತೀನಿ."

ಎಲ್ಲ ಹೇಳಿದಳು. ಮೂರು ವರ್ಷದಲ್ಲಿ ಯಾರಿಗೂ ಹೇಳದ್ದನ್ನೆಲ್ಲ, ಮರದ ಹುಡಿಯ ಮೇಲೆ ಕಾಲಿಟ್ಟುಕೊಂಡು. ಅವನು ನಡುವೆ ಬಾಯಿ ಹಾಕಲಿಲ್ಲ. ಅವಳು ಮುಗಿಸಿದ ಮೇಲೆ ತನ್ನದನ್ನು ಹೇಳಿದ, ಬೇರೆ ಯಾರದೋ ಸಂಗತಿ ಎಂಬಷ್ಟು ಸಾದಾ ದನಿಯಲ್ಲಿ. ನಲವತ್ತರಲ್ಲಿ ಶುರುವಾದದ್ದು. ಹಗಲು ರಾತ್ರಿ ಕೆತ್ತಲು ಶಕ್ತಿ ಬರುತ್ತದೆ ಎಂದು ನುಂಗಿದ್ದು. ಕೊನೆಗೆ ಹೆಂಡತಿ ಮಗಳನ್ನು ಕರೆದುಕೊಂಡು ಪೋರ್ಟ್ ಸೈದಿಗೆ ತವರಿಗೆ ಹೋದದ್ದು. "ಅವಳ ತಪ್ಪಿಲ್ಲ. ನಾನಾಗಿದ್ರೆ ಇನ್ನೂ ಮುಂಚೆ ಹೋಗಿರ್ತಿದ್ದೆ." ಈಗ ಮೂರು ವರ್ಷದಿಂದ ಮುಟ್ಟಿಲ್ಲ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಸಿಹಿತಿಂಡಿ ಅಂಗಡಿಯೊಂದರ ಮಹಡಿಯಲ್ಲಿ ಇಂಥವರೆಲ್ಲ ಸೇರಿ ಮಾತಾಡುತ್ತಾರೆ.

"ಬಿಡೋಕೆ ಮನಸ್ಸು ಗಟ್ಟಿ ಇದ್ರೆ ಸಾಕಲ್ವಾ?" ಅಂದಳು. "ನಾನು ಮನೇಲೇ..."

"ಡಾಕ್ಟರಮ್ಮ, ನೀವು ಔಷಧಿ ಓದಿದೋರು. ಬೇರೆ ಯಾರಾದ್ರೂ ಬಂದು ಹೀಗಂದಿದ್ರೆ ಏನಂತಿದ್ರಿ?"

"ದಡ್ಡ, ಆಸ್ಪತ್ರೆಗೆ ಹೋಗು ಅಂತಿದ್ದೆ," ಅಂದಳು.

"ನಾನು ಆ ಮೊದಲನೇ ಮಾತು ಬಿಟ್ಟು ಎರಡನೇದು ಹೇಳ್ತೀನಿ." ಅವನ ಕಣ್ಣಂಚಿನಲ್ಲಿ ನಗೆ ನೆರಿಗೆ ಕಟ್ಟಿತು. ಆ ನೆರಿಗೆಯ ಒಳಗೂ ಮರದ ಹುಡಿ ಇದೆ ಎಂಬುದನ್ನು ಗಮನಿಸಿದ್ದಕ್ಕೆ ಇನ್ಶಿರಾಗೆ ತನ್ನ ಮೇಲೇ ಸಿಟ್ಟು ಬಂತು.

ಸಿಟ್ಟನ್ನು ಸಿಂಹದ ಮೇಲೆ ಹಾಕಿದಳು. "ಅದೇನು ಬೆಕ್ಕಾ?"

"ಗಿರಾಕಿ ಸಿಂಹ ಕೇಳಿದಾನೆ."

"ಮೀನು ಸಿಗದ ಬೆಕ್ಕಿನ ಹಾಗಿದೆ."

ಬದೀರ್ ಕುರ್ಚಿಯನ್ನು ಬೆಳಕಿಗೆ ಹಿಡಿದು ನೋಡಿದ. "ಹೌದು ಕಣ್ರೀ," ಅಂದ ಬೇಜಾರಿನಿಂದ. ಅವಳು ನಕ್ಕಳು. ಮಾತ್ರೆ ಇಲ್ಲದೆ ನಕ್ಕು ಎಷ್ಟು ದಿನವಾಗಿತ್ತೋ, ಪಕ್ಕೆಲುಬು ನೊಂದವು.

ಅಂಗಡಿಗೆ ಬೀಗ ಹಾಕಿ, ಮನ್ಸೂರಾದ ಆಸ್ಪತ್ರೆಯೊಂದರಲ್ಲಿ ಅವಳು ಐದು ವಾರ ಇದ್ದಳು. ಮೊದಲ ವಾರದ್ದನ್ನು ಅವಳು ಎಂದೂ ಯಾರಿಗೂ ಹೇಳಲಿಲ್ಲ. ಎರಡನೇ ವಾರದಿಂದ ಬುಧವಾರ ಬುಧವಾರ ಬದೀರ್ ಮೈಕ್ರೋಬಸ್ಸಿನಲ್ಲಿ ಬರುತ್ತಿದ್ದ. ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಾಕಿ, ಕೈಯಲ್ಲಿ ದುಮ್ಯಾತಿನ ಬಿಳಿ ಚೀಸು ಹಿಡಿದು.

"ಅಂಗಿ ಇಸ್ತ್ರಿ ಮಾಡಿದೋರು ಯಾರು?" ಅಂದಳು ಒಂದು ಸಲ.

"ನಾನೇ."

"ಗೊತ್ತಾಯ್ತು. ಕಾಲರ್ ಸುಟ್ಟಿದೆ."

ಅವನು ಕಾಲರನ್ನು ಕೈಯಿಂದ ಮುಚ್ಚಿಕೊಂಡ, ಹದಿನೆಂಟರ ಹುಡುಗರು ಮೊಡವೆ ಮುಚ್ಚಿಕೊಳ್ಳುವ ಹಾಗೆ. ಇನ್ಶಿರಾ ಕಿಟಕಿಯ ಕಡೆ ತಿರುಗಿದಳು. ಕಿವಿ ಕೆಂಪಾಗಿದ್ದು ಅವನಿಗೆ ಕಾಣದಿರಲಿ ಎಂದು. ಅವನು ಕಂಡಿದ್ದ.

*

ಊರಿಗೆ ಬಂದ ತಿಂಗಳಿಗೆ ಅವಳೇ ಬಾಯಿ ಬಿಟ್ಟಳು. ನೈಲ್ ದಂಡೆಯ ಬೆಂಚಿನ ಮೇಲೆ, ಹಾಡುಹಗಲಲ್ಲಿ, ಎದುರಿಗೆ ದೋಣಿಯವರು ಬಲೆ ಒಣಗಿಸುತ್ತಿದ್ದಾಗ.

"ನನಗೆ ನೀವು ಬೇಕು," ಅಂದಳು. "ಇದನ್ನ ಹೆಂಗಸು ಹೇಳಬಾರದು ಅಂತ ಗೊತ್ತು. ಹೇಳ್ದೆ."

ಬದೀರನ ಕೈಯಲ್ಲಿದ್ದ ಸೂರ್ಯಕಾಂತಿ ಬೀಜದ ಪೊಟ್ಟಣ ನೆಲಕ್ಕೆ ಬಿತ್ತು. ಬಗ್ಗಿ ಒಂದೊಂದೇ ಬೀಜ ಆರಿಸತೊಡಗಿದ. ಬೇಕೆಂದೇ ನಿಧಾನ ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು.

"ಒಂದು ವರ್ಷ," ಅಂದ ಕೊನೆಗೆ, ಇನ್ನೂ ಬಗ್ಗಿಕೊಂಡೇ. "ಇದರಿಂದ ಹೊರಗೆ ಬಂದೋರು ಮೊದಲು ಸಿಕ್ಕಿದ ಗೋಡೆಗೆ ಒರಗಿಬಿಡ್ತಾರೆ. ಆ ಗೋಡೆ ನಾನಾಗಬಾರದು. ನಿಮ್ಮ ಕಾಲ ಮೇಲೆ ನೀವು ಒಂದು ವರ್ಷ ನಿಲ್ಲಿ. ಆಮೇಲೂ ಹೀಗೇ ಅನ್ನಿಸಿದ್ರೆ, ನಾನು ಎಲ್ಲಿಗೂ ಓಡಿಹೋಗಿರಲ್ಲ."

"ಅಷ್ಟರಲ್ಲಿ ನನಗೆ ಐವತ್ತಾಗತ್ತೆ!"

"ನನಗೆ ಐವತ್ತಾರು. ಓಡಿದ್ರೂ ಎಷ್ಟು ದೂರ ಓಡ್ತೀವಿ?"

"ನಿಮಗೆ ಇಷ್ಟ ಇಲ್ಲ ಅನ್ನಿ, ಮುಗೀತು."

ಅವನು ತಲೆ ಎತ್ತಿದ. ಆ ಮುಖ ನೋಡಿದ ಮೇಲೆ ಅವಳಿಗೆ ಆ ಮಾತು ಮತ್ತೆಂದೂ ಆಡಬೇಕೆನ್ನಿಸಲಿಲ್ಲ.

ಬೆಂಚಿನ ಮೇಲೆ ಕೂತದ್ದನ್ನು ಊರು ನೋಡಿತ್ತು. ಸುದ್ದಿ ಮೊದಲು ಮುಟ್ಟಿದ್ದು ಅವಳ ಅಣ್ಣ ರಿದ್ವಾನನಿಗೆ. ದೊಡ್ಡ ಫರ್ನಿಚರ್ ಶೋರೂಮಿನ ಯಜಮಾನ, ಎರಡು ಸಲ ಹಜ್ ಮಾಡಿ ಬಂದವನು, ತಂಗಿ ಆಸ್ಪತ್ರೆಯಲ್ಲಿದ್ದಾಗ ಕೇಳಿದವರಿಗೆಲ್ಲ "ಪಿತ್ತಕೋಶದ ಆಪರೇಷನ್" ಎಂದು ಹೇಳಿ ಹೇಳಿ ಅದನ್ನು ತಾನೇ ನಂಬಿದ್ದವನು.

"ಬಡಗಿ!" ಅಂದ ಅವನು. "ನಮ್ಮ ಅಂಗಡಿಗೆ ಕುರ್ಚಿ ಕೆತ್ತಿಕೊಡೋ ಬಡಗಿ! ಅದೂ ಮಾತ್ರೆ ನುಂಗ್ತಿದ್ದೋನು."

"ನಾನೂ ನುಂಗ್ತಿದ್ದೆ ಅಣ್ಣ."

"ಶ್!" ಅಂದ ರಿದ್ವಾನ್, ಕೋಣೆಯಲ್ಲಿ ಅವರಿಬ್ಬರೇ ಇದ್ದರೂ. "ಮುಂದಿನ ಶುಕ್ರವಾರ ರಿಹಾಬ್‌ನ ನೋಡೋಕೆ ಗಂಡಿನ ಕಡೆಯವರು ಊಟಕ್ಕೆ ಬರ್ತಿದಾರೆ. ಜಡ್ಜ್ ಮನೆತನ. ಆ ದಿನ ಒಂದು ನೀನು ಬಾಯಿ ಮುಚ್ಕೊಂಡಿರು. ಆಮೇಲೆ ಬಡಗಿ ಹೆಸರು ಎತ್ತಬೇಡ. ಇಷ್ಟೇ ನಾನು ಕೇಳೋದು."

ಮಗಳ ಸಲುವಾಗಿ ಇನ್ಶಿರಾ ಒಪ್ಪಿದಳು. ನಿಜವಾಗಿಯೂ ಬಾಯಿ ಮುಚ್ಚಿಕೊಂಡಿರಬೇಕೆಂದೇ ಇದ್ದಳು. ಎರಡು ಬಾತುಕೋಳಿಗೆ ಈರುಳ್ಳಿ ತುಂಬಿ ಬೇಯಿಸಿದಳು, ಒಳ್ಳೆಯ ಉಡುಪು ಹಾಕಿಕೊಂಡಳು. ಹುಡುಗ ವಾಯಿಲ್ ಸೌಮ್ಯ ಮುಖದವನು, ರಿಹಾಬಳನ್ನು ಕದ್ದು ಕದ್ದು ನೋಡುತ್ತಿದ್ದ. ಅವನ ತಾಯಿ ಇಜ್ಲಾಲ್ ಹಾನಂ ಮಾತ್ರ ಎಲ್ಲವನ್ನೂ ನೇರವಾಗಿ ನೋಡುವವಳು.

"ಪಿತ್ತಕೋಶ ತೆಗೆದ ಮೇಲೂ ಇಷ್ಟು ಎಣ್ಣೆ ತಿಂತೀರಾ ಡಾಕ್ಟರಮ್ಮ?" ಅಂದಳು ಬಾತುಕೋಳಿಯ ತೊಡೆ ಮುರಿಯುತ್ತ.

"ಆಸ್ಪತ್ರೆ ಅಂದ್ರೆ ನೆನಪಾಯ್ತು," ರಿದ್ವಾನ್ ಅವಸರದಿಂದ ಮಾತು ತಿರುಗಿಸಿದ. "ಈಗಿನ ಕಾಲದಲ್ಲಿ ಆಸ್ಪತ್ರೆ ತುಂಬ ಮಾತ್ರೆ ನುಂಗೋ ಜನಾನೇ ಅಂತೆ. ಸರ್ಕಾರ ಅಂಥೋರ್ನೆಲ್ಲ ಕೂಡಿಹಾಕಬೇಕು."

"ಕೂಡಿಹಾಕೋದು ಯಾಕೆ," ಅಂದಳು ಇಜ್ಲಾಲ್ ಹಾನಂ. "ಸಾಯೋಕೆ ಬಿಡಬೇಕು. ಮನೆತನಕ್ಕಾದ್ರೂ ಮಾನ ಉಳಿಯತ್ತೆ."

ಇನ್ಶಿರಾಗೆ ಈಗ ತಾನೂ ಹೋಗುತ್ತಿದ್ದ ಸಿಹಿತಿಂಡಿ ಅಂಗಡಿಯ ಮಹಡಿ ಕಣ್ಣಮುಂದೆ ಬಂತು. ಪಾಕದ ವಾಸನೆಯ ಆ ಕೋಣೆಯಲ್ಲಿ ಕೂರುವ ಟೈಲರ್, ಬೋಟಿನ ಇಂಜಿನಿಯರ್, ಇಬ್ಬರು ಮಕ್ಕಳ ಆ ಸ್ಕೂಲ್ ಟೀಚರ್. ಒಬ್ಬೊಬ್ಬರ ಮುಖವೂ ಬಂತು. ಚಮಚ ಕೆಳಗಿಟ್ಟಳು.

"ನನ್ನ ಪಿತ್ತಕೋಶ ಇದ್ದ ಜಾಗದಲ್ಲೇ ಇದೆ," ಅಂದಳು. "ನಾನು ಮಾತ್ರೆ ಬಿಡೋಕೆ ಆಸ್ಪತ್ರೆಗೆ ಹೋಗಿದ್ದೆ. ದಿನಕ್ಕೆ ಆರು ನುಂಗ್ತಿದ್ದೆ. ಸತ್ತಿದ್ರೆ ಈ ಬಾತುಕೋಳಿ ಯಾರು ಮಾಡ್ತಿದ್ರು?"

"ಇನ್ಶಿರಾ!" ರಿದ್ವಾನ್ ಎದ್ದು ನಿಂತ.

"ಕೂತ್ಕೋ ಅಣ್ಣ. ಇನ್ನೊಂದಿದೆ. ವರ್ಷ ತುಂಬಿದ ಮೇಲೆ ಬದೀರ್ ಮೇಸ್ತ್ರಿಯನ್ನ ಮದುವೆಯಾಗ್ತೀನಿ. ಬೇರೆಯವರ ಬಾಯಿಂದ ಕೇಳೋದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಅಂತ ಹೇಳ್ತಿದೀನಿ. ನನ್ನ ಮಗಳು ಇದರಲ್ಲಿ ಏನೂ ತಪ್ಪು ಮಾಡಿಲ್ಲ. ಅವಳ ಬೆಲೆಯನ್ನ ನನ್ನಿಂದ ಅಳೀಬೇಡಿ."

ಇಜ್ಲಾಲ್ ಹಾನಂ ಬೆರಳು ಒರೆಸಿಕೊಂಡಳು, ಒಂದೊಂದಾಗಿ ಐದನ್ನೂ. ಎದ್ದಳು. ಅವಳ ಹಿಂದೆ ಮನೆಯವರೆಲ್ಲ ಎದ್ದರು. ವಾಯಿಲ್ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿ, ತಾಯಿಯ ಹಿಂದೆ ಮೆಟ್ಟಿಲಿಳಿದ.

ರಿಹಾಬ್ ಅಳಲಿಲ್ಲ. "ಒಂದು ಊಟ, ಅಮ್ಮ," ಅಂದಳು. "ನನಗೋಸ್ಕರ ಒಂದು ಊಟದ ಹೊತ್ತು ಸುಮ್ಮನಿರೋಕೆ ಆಗಲಿಲ್ವಾ?" ಅದೇ ಸಂಜೆ ಬ್ಯಾಗು ಹಿಡಿದು ಕೈರೋ ಬಸ್ಸು ಹತ್ತಿದಳು. ಆಮೇಲೆ ಫೋನ್ ಎತ್ತಲಿಲ್ಲ.

ಆ ಬೇಸಿಗೆ ಇನ್ಶಿರಾಗೆ ಮಾತ್ರೆಯ ನೆನಪು ಹಲ್ಲುನೋವಿನ ಹಾಗೆ ಬರುತ್ತಿತ್ತು. ತನ್ನದು ಧೈರ್ಯವಾ, ಸೊಕ್ಕಾ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಅಂಗಡಿ ಹಿಡಿದರು. ಸಮಾಹ್‌ಗೂ ಅವಳು ಆ ಬಾಟಲಿಯ ನಿಜ ಹೇಳಿದ್ದಳು. ಸಮಾಹ್ ಎರಡು ತಿಂಗಳು ಬರಲಿಲ್ಲ. ಮೂರನೇ ತಿಂಗಳು ಬಂದಳು. ಬಾಟಲಿಯ ಮೇಲಿನ ಹೆಸರನ್ನು ತಾನೇ ಗಟ್ಟಿಯಾಗಿ ಓದಿ ನೋಡಿಕೊಂಡು ಒಯ್ದಳು. ಇನ್ಶಿರಾ ಅದಕ್ಕೆ ತಲೆಬಾಗಿದಳು. ಯಾರೇನಂದರೂ ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುವುದನ್ನು ಮಾತ್ರ ಬಿಡಲಿಲ್ಲ.

*

ಹತ್ತನೇ ತಿಂಗಳಲ್ಲಿ ಮತ್ತೆ ಮಾತ್ರೆಗೆ ಬಿದ್ದದ್ದು ಅವಳಲ್ಲ. ಬದೀರ್.

ಪೋರ್ಟ್ ಸೈದಿನಲ್ಲಿದ್ದ ಅವನ ಮಗಳ ಮದುವೆ ಗೊತ್ತಾಗಿತ್ತು. ಕರೆ ಬಂದಿರಲಿಲ್ಲ. ಆದರೂ ನಾಲ್ಕು ತಿಂಗಳು ಕೂತು ಅವಳಿಗೊಂದು ಡ್ರೆಸ್ಸಿಂಗ್ ಟೇಬಲ್ ಕೆತ್ತಿದ, ಕನ್ನಡಿಯ ಸುತ್ತ ದಾಳಿಂಬೆ ಬಳ್ಳಿ. ಲಾರಿಯಲ್ಲಿ ಕಳಿಸಿದ. ಮೂರನೇ ದಿನ ಅದೇ ಲಾರಿಯಲ್ಲಿ ಅದು ವಾಪಸ್ ಬಂತು, ಹೊದಿಸಿದ ಗೋಣಿಯನ್ನು ಬಿಚ್ಚದೆಯೇ.

ಎರಡು ಶುಕ್ರವಾರ ಅವನು ಸಿಹಿತಿಂಡಿ ಅಂಗಡಿಯ ಮಹಡಿಗೆ ಬರಲಿಲ್ಲ. ನೀಲಿ ಬಾಗಿಲಿಗೆ ಬೀಗ. ರಾಸ್ ಅಲ್ ಬರ್‌ನಲ್ಲಿ ಅವನ ತೀರಿಹೋದ ಅಕ್ಕನ ಒಂದು ಕೋಣೆ ಇದೆಯೆಂದು ಇನ್ಶಿರಾಗೆ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಹೊರಟಳು.

ಚಳಿಗಾಲದ ರಾಸ್ ಅಲ್ ಬರ್. ಪ್ರವಾಸಿಗಳಿಲ್ಲ, ಮಡಿಸಿಟ್ಟ ಛತ್ರಿಗಳು, ನದಿ ಸಮುದ್ರಕ್ಕೆ ಸೇರುವಲ್ಲಿ ಗಾಳಿಯ ಸದ್ದೊಂದೇ. ಬದೀರ್ ಕಲ್ಲಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡವನೇ ಮುಖ ತಿರುಗಿಸಿದ. ಕಣ್ಣಿನ ಪಾಪೆ ನೋಡಬೇಕಾಗಿಯೇ ಇರಲಿಲ್ಲ. ಅವಳಿಗೆ ಗೊತ್ತಾಗಿತ್ತು.

"ಎಷ್ಟು ದಿನದಿಂದ?"

"ಒಂಬತ್ತು." ದನಿ ಗಾಳಿಯಲ್ಲಿ ಹಾರಿಹೋಗುವಂತಿತ್ತು. "ಹೋಗಿ ಡಾಕ್ಟರಮ್ಮ. ನನ್ನ ಹತ್ತಿರ ಕೂರಬೇಡಿ. ನಿಮ್ಮ ಹತ್ತು ತಿಂಗಳು ಹಾಳಾಗತ್ತೆ."

"ನನ್ನ ಹತ್ತು ತಿಂಗಳು ನನ್ನದು. ಅದನ್ನ ಹಾಳು ಮಾಡೋ ಹಕ್ಕು ನಿಮಗಿಲ್ಲ." ಅವನ ಪಕ್ಕದಲ್ಲೇ ಕೂತಳು. ಕಲ್ಲು ಒದ್ದೆಯಿತ್ತು. "ಜೇಬಲ್ಲಿ ಇದೆಯಾ?"

ಅವನು ಹೌದೆಂದು ತಲೆಯಾಡಿಸಿದ.

ಅವಳು ಕೈ ಚಾಚಿದಳು. ಚಾಚಿದ ಕೈ ನಡುಗುತ್ತಿತ್ತು. ಹತ್ತು ತಿಂಗಳಾದ ಮೇಲೆ ಮೊದಲ ಸಲ ಅದು ಅಷ್ಟು ಹತ್ತಿರ ಬರುತ್ತಿತ್ತು, ಮೈಯ ಒಂದೊಂದು ನರವೂ ಅದನ್ನು ಗುರುತು ಹಿಡಿದಿತ್ತು. ಬದೀರ್ ಆ ನಡುಕ ನೋಡಿದ. ಜೇಬಿನಿಂದ ಸ್ಟ್ರಿಪ್ ತೆಗೆದ. ಅವಳ ಕೈಗೆ ಕೊಡಲಿಲ್ಲ. ಎದ್ದು ಹೋಗಿ, ಪಕ್ಕದ ಚಹಾದ ಗಾಡಿಯವನ ಉರಿಯುವ ಒಲೆಗೆ ಹಾಕಿ, ಅದು ಕರಗುವವರೆಗೆ ಅಲ್ಲೇ ನಿಂತು, ವಾಪಸ್ ಬಂದು ಕೂತ.

"ನಿಮ್ಮ ಕೈಗೆ ಕೊಡೋಕೆ ಆಗಲಿಲ್ಲ," ಅಂದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ದೊಡ್ಡ ಬೆನ್ನು, ಉಳಿ ಹಿಡಿದು ಒರಟಾದ ಕೈಗಳು. ಇನ್ಶಿರಾ ಆ ಬೆನ್ನಿನ ಮೇಲೆ ಕೈಯಿಟ್ಟಳು. ಚಹಾದವನು ನೋಡುತ್ತಿದ್ದ. ಕೈ ತೆಗೆಯಲಿಲ್ಲ.

"ನಾಳೆ ಮನ್ಸೂರಾಗೆ ಹೋಗೋಣ," ಅಂದಳು. "ಬುಧವಾರ ಬುಧವಾರ ನಾನು ಬರ್ತೀನಿ. ಅಂಗಿ ಇಸ್ತ್ರಿ ಮಾಡೋದು ಹೇಗೆ ಅಂತ ತೋರಿಸ್ತೀನಿ."

"ನನ್ನ ಲೆಕ್ಕ ಮತ್ತೆ ಒಂದರಿಂದ ಶುರು."

"ಆಗ್ಲಿ."

"ಮತ್ತೆ ಬಿದ್ರೆ?"

"ನಾನೂ ಬೀಳಬಹುದು. ಬೀಳೋವರೆಗೆ ಒಬ್ಬೊಬ್ಬರೇ ಕೂತು ಹೆದರಿಕೊಂಡಿರಬೇಕಾ? ನನಗೆ ಹಾಗೆ ಬದುಕಿ ಸಾಕಾಗಿದೆ ಮೇಸ್ತ್ರಿ. ನಾನು ಒರಗೋಕೆ ಗೋಡೆ ಕೇಳ್ತಿಲ್ಲ. ಮನುಷ್ಯನ್ನ ಕೇಳ್ತಿದೀನಿ. ನನ್ನ ವರ್ಷ ಮುಗಿದ ದಿನ ಮದುವೆ. ನಿಮ್ಮದು ಎಷ್ಟಾಗಿರತ್ತೋ ಅಷ್ಟು."

ಅವನು ತೋಳಿನಿಂದ ಮೂಗು ಒರೆಸಿಕೊಂಡು, ಬಹಳ ದಿನದ ಮೇಲೆ ಕಣ್ಣಂಚಿನ ನೆರಿಗೆ ಕೂಡಿಸಿದ. "ಇದು ಕೇಳೋದಾ, ಬೆದರಿಸೋದಾ?"

"ಎರಡೂ."

*

ಅವಳ ವರ್ಷ ತುಂಬಿದ್ದು ಒಂದು ಸೋಮವಾರ. ನಿಕಾಹ್ ಬರೆಯುವವರ ಆಫೀಸು ಪೋಸ್ಟಾಫೀಸಿನ ಪಕ್ಕದ ಸಣ್ಣ ಕೋಣೆ. ಬೆಳಿಗ್ಗೆ ಹನ್ನೊಂದು ಗಂಟೆ. ಸಾಕ್ಷಿಗೆ ಟೈಲರ್ ಮತ್ತು ಬೋಟಿನ ಇಂಜಿನಿಯರ್. ಸ್ಕೂಲ್ ಟೀಚರ್ ಒಂದು ಪೆಟ್ಟಿಗೆ ಸಿಹಿ ತಂದಿದ್ದಳು. ರಿದ್ವಾನ್ ಬರುವುದಿಲ್ಲವೆಂದು ಹೇಳಿಕಳಿಸಿದ್ದ, ಬರಲಿಲ್ಲ. ಬದೀರ್ ಕಡ್ಡಿಯಂತೆ ಕೂತಿದ್ದ. ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ.

ಮುದುಕ ಖಾಜಿ ಕನ್ನಡಕ ಏರಿಸಿಕೊಳ್ಳುವಾಗ ಬಾಗಿಲು ತೆರೆಯಿತು. ರಿಹಾಬ್. ಬಸ್ಸಿನಿಂದ ನೇರ ಬಂದ ಮುಖ, ಕೆದರಿದ ಸ್ಕಾರ್ಫ್.

ಇನ್ಶಿರಾ ಎದ್ದು ನಿಂತಳು.

"ವಾಯಿಲ್ ಮತ್ತೆ ಮತ್ತೆ ಫೋನ್ ಮಾಡ್ತಿದ್ದ," ಅಂದಳು ರಿಹಾಬ್, ಯಾರೂ ಕೇಳದಿದ್ದರೂ. "ಇವತ್ತು ನನ್ನ ಜೊತೆ ಬಾ ಅಂದೆ. ಅಮ್ಮನ್ನ ಕೇಳಿ ಹೇಳ್ತೀನಿ ಅಂದ. ನನ್ನಮ್ಮನ ಮದುವೆಗೆ ಬರೋಕೆ ತನ್ನಮ್ಮನ ಅಪ್ಪಣೆ ಬೇಕಾದೋನು ನನಗೆ ಬೇಡ ಅಂದೆ." ಸ್ಕಾರ್ಫ್ ಸರಿಮಾಡಿಕೊಂಡಳು. "ನಿನ್ನ ಮೇಲೆ ಇನ್ನೂ ಸಿಟ್ಟಿದೆ ಅಮ್ಮ."

"ಇರಲಿ."

"ಆ ಬಾತುಕೋಳೀನಾದ್ರೂ ತಿಂದ ಮೇಲೆ ಹೇಳಬಹುದಿತ್ತು."

ಟೈಲರ್ ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡ. ಬದೀರ್ ಎದ್ದು ತನ್ನ ಕುರ್ಚಿಯನ್ನು ಆ ಹುಡುಗಿಗೆ ಕೊಟ್ಟು, ತಾನು ಗೋಡೆಯ ಪಕ್ಕ ನಿಂತ. ರಿಹಾಬ್ ಅವನನ್ನು ಅಡಿಯಿಂದ ಮುಡಿವರೆಗೆ ಅಳೆದು ನೋಡಿ, ಕೂತಳು.

ಖಾಜಿ ಬರೆಯತೊಡಗಿದ. ಹೆಸರು, ತಂದೆಯ ಹೆಸರು. ವಯಸ್ಸು ಬರೆಯುವಲ್ಲಿ ಪೆನ್ನು ನಿಲ್ಲಿಸಿ ಮೆಲ್ಲಗೆ, ಮರ್ಯಾದೆಗೆ, "ನಲವತ್ತು ಚಿಲ್ಲರೆ ಅಂತ ಬರೀಲಾ ತಾಯಿ?" ಅಂದ.

"ಐವತ್ತು," ಅಂದಳು ಇನ್ಶಿರಾ, ಪೋಸ್ಟಾಫೀಸಿನ ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ.

"ಹೆಣ್ಣಿನ ಕಡೆಯಿಂದ ಯಾರು ಒಪ್ಪಿಗೆ ಕೊಡೋದು? ಅಣ್ಣಂದಿರು ಇಲ್ವಾ?"

"ಇದಾನೆ. ಬಂದಿಲ್ಲ."

"ಮತ್ತೆ ಯಾರು?"

ಇನ್ಶಿರಾ ಗೋಡೆಯ ಪಕ್ಕ ನಿಂತವನ ಕಡೆ ನೋಡಿದಳು. ಅವನ ಲೆಕ್ಕ ಆ ದಿನಕ್ಕೆ ಐವತ್ತೊಂದು ದಿನ. ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಮೆಟ್ಟಿಲು ಹತ್ತುವಾಗ ಹೊಡೆದುಕೊಳ್ಳುತ್ತಿದ್ದಷ್ಟೇ ಜೋರಾಗಿ. ಭಯ ಎಲ್ಲಿಗೂ ಹೋಗಿರಲಿಲ್ಲ.

"ನಾನೇ," ಅಂದಳು. "ಬರ್ಕೊಳ್ಳಿ."